ಹುಣ್ಣಿಮೆಗೆ ಬಿಟ್ಟ ಬಲೆ

ತೋಟ ಬೆಂಗ್ರೆ, ಮಂಗಳೂರು
೧೧ ಡಿಸೆಂಬರ್ ೨೦೨೫, ಗುರುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನ್ನ ಸೊಂಟನೋವು ಹೇಗಿದೆ? ಕೇಳಿದರೆ ಅಡ್ಡಿ ಇಲ್ಲ ಎನ್ನುತ್ತೀ. ಆದರೆ ಮೊನ್ನೆ ವಿಡಿಯೋದಲ್ಲಿ ಕುರ್ಚಿಯಿಂದ ಏಳುವಾಗ ಮೇಜು ಹಿಡಿದುಕೊಂಡದ್ದನ್ನು ನಾನು ನೋಡಿದ್ದೇನೆ. ಆ ಮಸ್ಕತ್ತಿನ ಕ್ಲಿನಿಕ್ಕಿನವರಿಗೆ ದಿನವಿಡೀ ಕೂತು ಚೀಟಿ ಬರೆಯುವವಳಿಗೆ ಒಂದು ಸರಿಯಾದ ಕುರ್ಚಿ ಕೊಡಲು ಏನು ಕಷ್ಟವೋ. ಭಾವನ ರಾತ್ರಿ ಪಾಳಿ ಮುಗಿಯಿತಾ? ಮೋಕ್ಷಿತ್‌ನ ಮುಂದಿನ ಹಲ್ಲು ಬಂತಾ? ಬರುವವರೆಗೆ ಅವನ ಹತ್ತಿರ ‘ಸಿಗಡಿ’ ಎಂದು ಹೇಳಿಸಿ ನಗಬೇಡ, ಪಾಪ. ಇಲ್ಲಿ ಅಮ್ಮ ಚೆನ್ನಾಗಿದ್ದಾರೆ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಮೀನು ಮಾರಲು ಧಕ್ಕೆಗೆ ಹೋಗುತ್ತಾರೆ, ಹತ್ತಕ್ಕೆ ಬಂದು ಎಲ್ಲರಿಗೂ ಬೈಯುತ್ತಾರೆ, ಆಮೇಲೆ ಮಲಗುತ್ತಾರೆ. ಅಪ್ಪನೂ ಆರೋಗ್ಯ. ಅಪ್ಪನ ವಿಷಯವೇ ಬರೆಯಬೇಕಾಗಿದೆ.

ದಿನಾ ಫೋನಿನಲ್ಲಿ ಮಾತಾಡುವವನು ಕಾಗದ ಯಾಕೆ ಬರೆಯುತ್ತಿದ್ದಾನೆ ಎಂದು ನೀನು ಹೆದರಿರಬಹುದು. ನಮ್ಮ ಮನೆಯ ಫೋನ್ ನಿನಗೆ ಗೊತ್ತಲ್ಲ. ನೀನು ಹಲೋ ಎಂದ ಕೂಡಲೇ ಅಮ್ಮ ಅದನ್ನು ಸ್ಪೀಕರಿಗೆ ಹಾಕಿ ನಡುಮನೆಯಲ್ಲಿ ಇಡುತ್ತಾರೆ. ಮೆಸೇಜ್ ಮಾಡೋಣವೆಂದರೆ ನಿನ್ನ ಫೋನನ್ನು ನಿನಗಿಂತ ಹೆಚ್ಚು ನೋಡುವವನು ನಿನ್ನ ಮಗ, ಓದಿದ್ದನ್ನೆಲ್ಲ ಅಜ್ಜನಿಗೆ ಹೇಳುವವನೂ ಅವನೇ. ಇವತ್ತು ರಾತ್ರಿ ಭಾವನ ತಮ್ಮ ಬಜಪೆಯಿಂದ ವಿಮಾನ ಹತ್ತುತ್ತಾನಲ್ಲ, ಒಣಸಿಗಡಿಯ ಪೊಟ್ಟಣದ ಕೆಳಗೆ ಇದನ್ನು ಇಟ್ಟು ಕಳುಹಿಸುತ್ತೇನೆ. ನಾಳೆ ಶುಕ್ರವಾರ, ನಿನಗೆ ರಜೆ. ಬೆಳಿಗ್ಗೆಯೇ ಓದು. ಮುಖ್ಯ ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಧೈರ್ಯ ಬರುತ್ತದೋ ಇಲ್ಲವೋ. ನೀನು ಭಾನುವಾರ ವಿಡಿಯೋದಲ್ಲಿ ನೋಡಿ ಕುಣಿದೆಯಲ್ಲ, ಆ ಕಪ್, ಅದು ನಮಗೆ ಸಲ್ಲಬೇಕಾದದ್ದಲ್ಲ. ರೇಸಿನ ಕೊನೆಯ ದಿನ ನಾವು ಒಂದು ಬಲೆ ಕಡಿದೆವು. ಕಡಿದದ್ದು ನಾನು. ಕಡಿದಿಲ್ಲ ಎಂದು ಫಾರಂನಲ್ಲಿ ಬರೆದು ನಾಲ್ಕೂ ಜನ ಸಹಿ ಹಾಕಿದೆವು. ಬಲೆ ಅಪ್ಪನದು. ಫಾರಂ ತಿದ್ದಲು ನಾಳೆ ಸಂಜೆ ಐದು ಗಂಟೆಯವರೆಗೆ ಸಮಯ ಇದೆ.

ಈಗ ಕ್ರಮವಾಗಿ ಹೇಳುತ್ತೇನೆ. ರೇಸಿನ ಬಗ್ಗೆ ನಿನಗೆ ಗೊತ್ತಿರುವುದರಲ್ಲಿ ಅರ್ಧ ನಿಜ, ಅರ್ಧ ನನ್ನ ಬಡಾಯಿ. ಏಳು ಹಾಯಿದೋಣಿಗಳಲ್ಲಿ ನವೆಂಬರ್ ಮೂವತ್ತಕ್ಕೆ ಕೊಚ್ಚಿಯಿಂದ ಹೊರಟೆವು. ಲಕ್ಷದ್ವೀಪದ ಒಂದು ದ್ವೀಪವನ್ನು ಕಾಲಿಡದೆ ಸುತ್ತು ಹಾಕಿ ತಣ್ಣೀರುಬಾವಿಯ ಎದುರಿನ ಗೆರೆ ದಾಟಬೇಕು, ಅಷ್ಟೇ. ದೋಣಿಗೆ ಎಂಜಿನ್ ಇದೆ, ಆದರೆ ಹೊರಡುವ ಮೊದಲೇ ಅದರ ಹಿಡಿಕೆಗೆ ತಂತಿ ಸುತ್ತಿ ಸೀಸದ ಮುದ್ರೆ ಒತ್ತುತ್ತಾರೆ. ಮುದ್ರೆ ಒಡೆದರೆ ರೇಸಿನಿಂದ ಹೊರಗೆ. ಬೇರೆ ಯಾವ ದೋಣಿಯವರಾದರೂ ನಮ್ಮ ದೋಣಿಗೆ ಕೈ ಹಾಕಿದರೂ, ಒಂದು ಹಗ್ಗ ಎಸೆದರೂ ಹೊರಗೆ. ಇದನ್ನೆಲ್ಲ ನಾನೇ ನಿನಗೆ ಕೊಚ್ಚಿಯಿಂದ ಫೋನ್ ಮಾಡಿ ಕೊಚ್ಚಿಕೊಂಡಿದ್ದೆ, ನೆನಪಿದೆಯಾ? ಆ ಮಾತು ಎಲ್ಲಿಗೆ ಹೋಗಿ ಮುಟ್ಟಿತು ಎಂದು ಮುಂದೆ ಬರೆಯುತ್ತೇನೆ.

ನಾವು ನಾಲ್ಕು ಜನ. ಸ್ಕಿಪ್ಪರ್ ಗೇವಿನ್, ಫಳ್ನೀರಿನಲ್ಲಿ ಹಲ್ಲಿನ ಡಾಕ್ಟರ್, ದೋಣಿ ಅವನದೇ. ಎಂಥ ಅಲೆ ಬಂದರೂ ರೋಗಿಗೆ ಹೇಳುವ ಹಾಗೆ “ಸ್ವಲ್ಪ ನೋವಾಗ್ತದೆ, ಅಷ್ಟೆ” ಎನ್ನುತ್ತಾನೆ. ದಾರಿ ಮತ್ತು ಗಾಳಿಯ ಲೆಕ್ಕ ನೋಡುವವಳು ಕೂಳೂರಿನ ಸಫಾ. ಮತ್ತೊಬ್ಬ ಕೃಷ್ಣಕಿಶೋರ್, ದೇವಸ್ಥಾನದ ಭಟ್ಟರ ಮಗ, ಕಾಲೇಜಿನಲ್ಲಿ ಪಾಠ ಮಾಡುತ್ತಾನೆ. ಮೊದಲ ಎರಡು ದಿನ ಅವನು ವಾಂತಿ ಮಾಡಿದ, ಮೂರನೆಯ ದಿನದಿಂದ ನಮ್ಮೆಲ್ಲರಿಗಿಂತ ಹೆಚ್ಚು ತಿಂದ. ನಾನು ಯಾಕೆಂದರೆ, ಕರಾವಳಿಯ ನೀರು ಗೊತ್ತಿರುವ ಒಬ್ಬ ಮೊಗವೀರರ ಹುಡುಗ ಇರಲಿ ಎಂದು. ಒಂದೂವರೆ ವರ್ಷದ ಹಿಂದೆ ನಾನು ಅಪ್ಪನ ದೋಣಿ ಬಿಟ್ಟು ಸೈಲಿಂಗ್ ಕ್ಲಬ್ಬಿನ ಕೆಲಸಕ್ಕೆ ಸೇರಿದಾಗ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ. “ಮೀನು ಹಿಡಿಲಿಕ್ಕೆ ಅಲ್ಲದಿದ್ರೆ ಸಮುದ್ರಕ್ಕೆ ಎಂತಕ್ಕೆ ಹೋಗುವುದು?” ಅದರ ನಂತರ ಅವರು ನನ್ನ ಹತ್ತಿರ ನೇರ ಮಾತಾಡಲಿಲ್ಲ. ಗಂಜಿ ಆಗಿದೆ ಎನ್ನುವುದಕ್ಕೂ ಅಮ್ಮನೇ ಬೇಕು. ಒಂದೇ ಕೋಣೆಯಲ್ಲಿ ಕೂತು ಅಮ್ಮನಿಗೆ, ಅವನಿಗೆ ಹೇಳು, ಎನ್ನುತ್ತಿದ್ದರು. ಅಮ್ಮನಿಗೂ ಅದು ಅಭ್ಯಾಸವಾಗಿ, ಕೆಲವೊಮ್ಮೆ ಅವರು ಹೇಳದ್ದನ್ನೂ ಸೇರಿಸಿ ಹೇಳುತ್ತಿದ್ದರು.

ಆ ದೋಣಿಯಲ್ಲಿ ಐದು ದಿನ ಕಳೆಯುವುದೆಂದರೆ ಏನು ಎಂದು ನಿನಗೆ ಹೇಗೆ ಹೇಳಲಿ? ನಮ್ಮ ಹಳೆಯ ಮನೆಯ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಸೌದೆ ಇಡುತ್ತಿದ್ದೆವಲ್ಲ, ಅಷ್ಟು ಜಾಗ. ಅದರಲ್ಲಿ ನಾಲ್ಕು ಜನ ಮಲಗಬೇಕು, ಬೇಯಿಸಬೇಕು, ಬಟ್ಟೆ ಬದಲಿಸಬೇಕು. ನಿಂತರೆ ತಲೆ ತಾಗುತ್ತದೆ. ಮೂರು ಗಂಟೆ ಕೆಲಸ, ಮೂರು ಗಂಟೆ ನಿದ್ದೆ, ಇನ್ನೊಬ್ಬನು ಎದ್ದುಹೋದ ಒದ್ದೆ ಹಾಸಿಗೆಯಲ್ಲೇ. ಸ್ನಾನ ಇಲ್ಲ. ಕುಡಿಯುವ ನೀರು ಅಳತೆಯದ್ದು. ಅಪ್ಪನ ದೋಣಿಯಲ್ಲಿ ಇದಕ್ಕಿಂತ ಸಣ್ಣ ಜಾಗದಲ್ಲಿ ನಾನು ಮಲಗಿದ್ದೇನೆ, ಆದರೆ ಅಲ್ಲಿ ಸಾಕೆನಿಸಿದರೆ ಬಲೆ ಎಳೆದು ಮನೆಗೆ ಬರಬಹುದು. ಇಲ್ಲಿ ಸಾಕೆನ್ನುವ ಹಾಗಿಲ್ಲ. ಮೂರನೆಯ ದಿನ ದ್ವೀಪ ಸುತ್ತಿದ ಮೇಲೆ ಗಾಳಿ ಪೂರ್ತಿ ನಿಂತಿತು. ಹದಿನೆಂಟು ಗಂಟೆ ನಿಂತ ನೀರಿನಲ್ಲಿ ನಿಂತೆವು. ಹಾಯಿ ಜೋಲುಬಿದ್ದು ಕಂಬಕ್ಕೆ ಪಟಪಟ ಹೊಡೆಯುವ ಸದ್ದು ಒಂದೇ. ಕಾಲಡಿಯಲ್ಲಿ ಎಂಜಿನ್ ಇದೆ, ಟ್ಯಾಂಕಿನಲ್ಲಿ ಡೀಸೆಲ್ ಇದೆ, ನಡುವೆ ಕಡಲೆಕಾಳಿನಷ್ಟು ಸೀಸ. ಅದನ್ನು ನೋಡಿ ನೋಡಿ ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ಸಫಾ ಯಾರೊಡನೆಯೂ ಮಾತಾಡುವುದನ್ನು ಬಿಟ್ಟಳು. ಕೃಷ್ಣಕಿಶೋರ್ ಅವಲಕ್ಕಿ ಜಗಿಯುವ ಸದ್ದಿಗೆ ಗೇವಿನ್, ಹಲ್ಲಿನ ಡಾಕ್ಟರ್, ಸಿಟ್ಟಿನಿಂದ ಬೇರೆ ಕಡೆ ಹೋಗಿ ಕೂತ. ಹೋಗುವುದೆಲ್ಲಿಗೆ, ಎರಡು ಮಾರು ಆಚೆಗೆ.

ಗಾಳಿ ಬಂದ ಮೇಲೆ ನಾವು ಎರಡನೆಯ ಸ್ಥಾನದಲ್ಲಿದ್ದೆವು. ನಾಲ್ಕನೆಯ ತಾರೀಕಿನ ಸಂಜೆ ಮಂಗಳೂರು ಅರವತ್ತು ಮೈಲಿ ಇರುವಾಗ ದಾರಿಯ ಪ್ರಶ್ನೆ ಬಂತು. ಉಳಿದ ದೋಣಿಗಳೆಲ್ಲ ದೂರ ಸಮುದ್ರದಲ್ಲೇ ಬಡಗು ಮುಖ ಮಾಡಿದವು. ದಡದ ಹತ್ತಿರ ಹೋದರೆ ಬೆಳಗಿನವರೆಗೆ ನೆಲದ ಕಡೆಯಿಂದ ಮೂಡುಗಾಳಿ ಸಿಗುತ್ತದೆ ಎಂದು ನನಗೆ ಗೊತ್ತಿತ್ತು. ಆದರೆ ಅಲ್ಲಿ ಬಲೆಗಳಿರುತ್ತವಲ್ಲ ಎಂದಳು ಸಫಾ. ಆಗ ನಾನು ದೊಡ್ಡ ಜನರ ಹಾಗೆ ಹೇಳಿದ ಮಾತು ಇದು: “ಇವತ್ತು ಹುಣ್ಣಿಮೆ. ಬೆಳದಿಂಗಳಿಗೆ ಮೀನಿಗೆ ಬಲೆ ಕಾಣ್ತದೆ. ನಮ್ಮವರು ಯಾರೂ ಇವತ್ತು ಬಲೆ ಬಿಡುವುದಿಲ್ಲ.” ಅದು ಸುಳ್ಳಲ್ಲ ಅಕ್ಕಾ. ನಿನಗೂ ಗೊತ್ತು, ಹುಣ್ಣಿಮೆಯ ಹಿಂದುಮುಂದಿನ ದಿನಗಳಲ್ಲಿ ಇಡೀ ಬೆಂಗ್ರೆ ಬಲೆ ಹರಡಿ ರಿಪೇರಿ ಮಾಡುತ್ತಾ ಕೂತಿರುತ್ತದೆ. ಗೇವಿನ್ ನನ್ನ ಬೆನ್ನು ತಟ್ಟಿ ಚುಕ್ಕಾಣಿ ತಿರುಗಿಸಿದ. ಇದಕ್ಕಾಗಿಯೇ ನಿನ್ನನ್ನು ಕರೆದುಕೊಂಡು ಬಂದದ್ದು ಎಂದ. ನಾನು ಉಬ್ಬಿಹೋದೆ.

ಬೆಳಗಿನ ಜಾವ ಐದು ಗಂಟೆಗೆ, ಉಳ್ಳಾಲದ ಎದುರು ಹತ್ತು ಮೈಲಿ ಹೊರಗೆ, ದೋಣಿ ನಿಂತಿತು. ಪೆಟ್ಟಿಲ್ಲ, ಸದ್ದಿಲ್ಲ, ಯಾರೋ ಹಿಂದಿನಿಂದ ಅಂಗಿ ಹಿಡಿದ ಹಾಗೆ ಮೆತ್ತಗೆ ನಿಂತಿತು. ನನಗೆ ತಕ್ಷಣ ಗೊತ್ತಾಯಿತು, ಉಳಿದವರಿಗೆ ಗೊತ್ತಾಗಲು ಐದು ನಿಮಿಷ ಬೇಕಾಯಿತು. ದೋಣಿಯ ಹೊಟ್ಟೆಯ ಕೆಳಗೆ ಸೀಸದ ದೊಡ್ಡ ರೆಕ್ಕೆಯೊಂದು ಇಳಿದಿರುತ್ತದೆ, ಅದರ ಹಿಂದೆ ಚುಕ್ಕಾಣಿಯ ಹಲಗೆ. ಎರಡಕ್ಕೂ ಬಲೆ ಸುತ್ತಿಕೊಂಡಿತ್ತು. ಹತ್ತು ನಿಮಿಷದಲ್ಲಿ ಮೂಡುಗಾಳಿಯೂ ಸತ್ತಿತು. ಇನ್ನು ಸಮುದ್ರದ ಕಡೆಯ ಪಡುಗಾಳಿ ಏಳುವುದು ಹನ್ನೊಂದರ ಮೇಲೆ. ನಾವೂ ಬಲೆಯೂ ಒಟ್ಟಿಗೆ ನೀರು ಹೋದ ಕಡೆಗೆ ಹೋಗುತ್ತಾ ಕೂತೆವು.

ಬೆಳಕಾದಾಗ ಅರ್ಧ ಮೈಲಿ ಆಚೆ ಮಬ್ಬಿನಲ್ಲಿ ಒಂದು ಬಿಳಿ ಫೈಬರ್ ದೋಣಿ ಕಂಡಿತು. ಬಲೆಯ ಒಂದು ತುದಿ ಅದಕ್ಕೇ ಕಟ್ಟಿರಬೇಕು, ಅಂದರೆ ಬಲೆಯ ಧಣಿ ಅಲ್ಲೇ ಇದ್ದಾನೆ. ಒಬ್ಬನೇ ಕೂತಿದ್ದ. ಅಂಥ ಹೊತ್ತಿನಲ್ಲಿ ಯಾವ ಮೀನುಗಾರನಾದರೂ ಏನು ಮಾಡುತ್ತಾನೆ ಹೇಳು. ಎಂಜಿನ್ ಹಾಕಿಕೊಂಡು ಓಡಿ ಬರುತ್ತಾನೆ, ಮೊದಲು ನಮ್ಮ ಏಳು ತಲೆಮಾರಿಗೆ ಬೈಯುತ್ತಾನೆ, ಆಮೇಲೆ ತಾನೇ ಬಲೆ ಬಿಡಿಸಲು ಇಳಿಯುತ್ತಾನೆ. ಇವನು ಬರಲೇ ಇಲ್ಲ. ಬಂದರೆ ನಾವು ರೇಸಿನಿಂದ ಹೊರಗೆ ಎಂದು ಗೇವಿನ್ ಹೆದರುತ್ತಿದ್ದ. ಯಾಕೆ ಬರುವುದಿಲ್ಲ ಎಂದು ನಾನು ಹೆದರುತ್ತಿದ್ದೆ. ಸತ್ತಿದ್ದಾನೋ ಎಂದು ಕೂಡ ಅನಿಸಿತು. ಆಮೇಲೆ ಬೀಡಿಗೋ ಏನೋ ಕೈ ಆಡಿದ್ದು ಕಂಡಿತು. ನಾನು ಅವನಿಗೆ ಕೆಟ್ಟ ಮಾತಿನಲ್ಲಿ ಬೈದೆ. ಮನುಷ್ಯನಾ ಇವನು, ಸಮುದ್ರದಲ್ಲಿ ಸಿಕ್ಕಿಬಿದ್ದವರನ್ನು ಸಿನೆಮಾ ನೋಡುವ ಹಾಗೆ ನೋಡುತ್ತಾ ಕೂತಿದ್ದಾನಲ್ಲ ಎಂದೆ. ಈ ಮಾತು ನನ್ನ ಬಾಯಿಯಿಂದ ಬಂದದ್ದು ನಿಜ, ನಿನ್ನಿಂದ ಮುಚ್ಚಿಡುವುದಿಲ್ಲ.

ಸೊಂಟಕ್ಕೆ ಹಗ್ಗ ಕಟ್ಟಿ ನಾನು ನಾಲ್ಕು ಸಲ ಮುಳುಗಿದೆ. ನೀರಿನ ಕೆಳಗೆ ಬಲೆ ದಾರದ ಹಾಗೆ ಕಾಣುವುದಿಲ್ಲ, ಹೊಗೆಯ ಹಾಗೆ ಕಾಣುತ್ತದೆ. ಎಲ್ಲಿ ಶುರು, ಎಲ್ಲಿ ಕೊನೆ ಗೊತ್ತಾಗುವುದಿಲ್ಲ. ಸೀಸದ ರೆಕ್ಕೆಯಿಂದ ಬಿಡಿಸಿದೆ. ಚುಕ್ಕಾಣಿಯ ಹಲಗೆಗೂ ದೋಣಿಗೂ ನಡುವಿನ ಸಂದಿನಲ್ಲಿ ಮಾತ್ರ ಬಲೆಯನ್ನು ತೇಲಿಸುವ ಬೆಂಡಿನ ಹಗ್ಗದ ಸಮೇತ ಒತ್ತಿಕೊಂಡು ಕೂತದ್ದು ಅಲುಗಲಿಲ್ಲ. ಮೂರನೆಯ ಸಲ ನನ್ನ ಎಡಗಾಲಿಗೇ ಬಲೆ ಸುತ್ತಿಕೊಂಡಿತು. ಎಳೆದಷ್ಟೂ ಬಿಗಿಯಿತು. ಮೇಲೆ ಬೆಳಕು ಕಾಣುತ್ತಿದೆ, ಎದೆಯಲ್ಲಿ ಉಸಿರಿಲ್ಲ. ಮೀನಿಗೆ ಹೇಗಿರುತ್ತದೆ ಎಂದು ಅವತ್ತು ಗೊತ್ತಾಯಿತು. ಕೃಷ್ಣಕಿಶೋರ್ ಹಗ್ಗ ಎಳೆದು ಮೇಲೆ ತಂದ, ಚಪ್ಪಲಿ ಗುರುತಿನ ಹಾಗೆ ಪಾದದ ಮೇಲೆ ಬಲೆಯ ಕಣ್ಣುಗಳ ಗಾಯ ಇನ್ನೂ ಇದೆ. ಅಮ್ಮ ಕೇಳಿದ್ದಕ್ಕೆ ಹಗ್ಗ ಉಜ್ಜಿದ್ದು ಎಂದಿದ್ದೇನೆ.

ಒಂಬತ್ತು ಗಂಟೆಗೆ ಸಫಾ ಫೋನಿನಲ್ಲಿ ರೇಸಿನ ಮ್ಯಾಪ್ ತೋರಿಸಿದಳು, ಒಂದೊಂದು ದೋಣಿಗೆ ಒಂದೊಂದು ಚುಕ್ಕೆ. ದೂರದಲ್ಲಿ ಹೋದ ದೋಣಿಯೊಂದಕ್ಕೆ ಗಾಳಿ ಸಿಕ್ಕಿ ಅದರ ಚುಕ್ಕೆ ನಮ್ಮನ್ನು ದಾಟಿತ್ತು. ಗೇವಿನ್ ಚೂರಿ ತೆಗೆದು ನನ್ನ ಕೈಗೆ ಕೊಟ್ಟ, ಅದೇ ಮೆತ್ತಗಿನ ದನಿಯಲ್ಲಿ “ಕಡಿ ಭುವನ್, ಮತ್ತೆ ನೋಡುವಾ” ಎಂದ. ಅವನಿಗೆ ಅದು ನೂಲು. ಬೇರೆಯವರ ಬಲೆಗೆ ಚೂರಿ ಹಾಕಬಾರದು ಎಂದು ಅಪ್ಪ ನನಗೆ ಈಜು ಕಲಿಸುವ ಮೊದಲೇ ಕಲಿಸಿದ್ದರು. ಪ್ರಾಣಕ್ಕೆ ಬಂದು ಕಡಿಯಲೇಬೇಕಾದರೆ ತುದಿಗಳನ್ನು ಗಂಟು ಹಾಕಿ ಸೇರಿಸಬೇಕು, ದಡಕ್ಕೆ ಬಂದ ಕೂಡಲೇ ಆ ಮನೆಗೆ ಹೋಗಿ, ಕಡಿದದ್ದು ನಾನು, ಎಂದು ಹೇಳಬೇಕು. ಹೇಳಿದರೆ ಯಾರೂ ಏನೂ ಮಾಡುವುದಿಲ್ಲ, ಬಲೆ ರಿಪೇರಿಗೆ ಕೂತುಕೊಳ್ಳಬೇಕು ಅಷ್ಟೆ. ಹೇಳದಿದ್ದವನ ಜೊತೆ ಯಾರೂ ದೋಣಿ ಹತ್ತುವುದಿಲ್ಲ. ನನಗೆ ಇದೆಲ್ಲ ನೆನಪಾಯಿತು, ಆದರೂ ಕಡಿದೆ. ಎರಡು ಮಾರು ಬೆಂಡಿನ ಹಗ್ಗ, ಅದರ ಕೆಳಗೆ ಹತ್ತಿಪ್ಪತ್ತು ಮಾರು ಬಲೆ.

ಕಡಿದ ಕೂಡಲೇ ನೀರಿನ ಕೆಳಗೆ ಸಿಕ್ಕಿಕೊಂಡಿದ್ದ ಬೆಂಡುಗಳು ಒಂದೊಂದಾಗಿ ಮೇಲೆ ಬಂದವು. ಹಸಿರು ಪಟ್ಟೆ, ಎರಡೆರಡು. ಕಿಟಕಿಗೆ ಹೊಡೆದು ಉಳಿದ ಬಣ್ಣದಲ್ಲಿ ನೀನೂ ನಾನೂ ಜಗಲಿಯಲ್ಲಿ ಕೂತು ಎಳೆದ ಪಟ್ಟೆ. ನಿನ್ನದು ನೇರ, ನನ್ನದು ಸೊಟ್ಟ. ನನ್ನ ಕೈ ಹತ್ತಿರ ಬಂದ ಬೆಂಡಿನ ಪಟ್ಟೆ ಸೊಟ್ಟ ಇತ್ತು. ನಾನು ನೀರಿನಲ್ಲೇ ಆ ದೋಣಿಯ ಕಡೆ ತಿರುಗಿ ನೋಡಿದೆ. ಮಬ್ಬು ಸ್ವಲ್ಪ ಕರಗಿತ್ತು. ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈ ಮಂಡಿಯ ಮೇಲೆ ಇಟ್ಟು ಕೂತಿದ್ದ ಮನುಷ್ಯ. ಹಾಗೆ ಕೂರುವವರು ನಮ್ಮೂರಿನಲ್ಲಿ ಒಬ್ಬರೇ. ತುದಿಗಳನ್ನು ಗಂಟು ಹಾಕಿ ಸೇರಿಸಿದೆ, ಎರಡು ಸಲ ಗಂಟು ತಪ್ಪಿತು. ದೋಣಿ ಹತ್ತಿ ಯಾರ ಹತ್ತಿರವೂ ಏನೂ ಹೇಳಲಿಲ್ಲ. ಹನ್ನೊಂದೂವರೆಗೆ ಪಡುಗಾಳಿ ಎದ್ದಿತು, ನಾಲ್ಕು ಗಂಟೆಗೆ ಮೂರನೆಯವರಾಗಿ ಗೆರೆ ದಾಟಿದೆವು. ಗೇವಿನ್ ಅತ್ತ. ಮೂರು ವರ್ಷದಿಂದ ಅವನು ಕೊನೆಯವನಾಗಿ ಬರುತ್ತಿದ್ದನಂತೆ.

ಫಾರಂನಲ್ಲಿ ಒಂದು ಪ್ರಶ್ನೆ ಇರುತ್ತದೆ, ಮೀನುಗಾರರ ಬಲೆಗೆ ಹಾನಿ ಮಾಡಿದ್ದೀರಾ ಎಂದು. ಹೌದು ಎಂದರೆ ನಮ್ಮ ಸಮಯಕ್ಕೆ ಆರು ಗಂಟೆ ಸೇರಿಸುತ್ತಾರೆ, ಮೂರರಿಂದ ಆರನೆಯ ಸ್ಥಾನಕ್ಕೆ ಹೋಗುತ್ತೇವೆ, ಕಪ್ ಇರುವುದು ಮೊದಲ ಮೂವರಿಗೆ. ಗೇವಿನ್ ಇಲ್ಲ ಎಂದು ಬರೆದು ಪೆನ್ನು ಮುಂದೆ ಚಾಚಿದ. ಸಫಾ ನನ್ನ ಮುಖ ನೋಡಿದಳು. ನಾನು ತಲೆ ತಗ್ಗಿಸಿ ಸಹಿ ಹಾಕಿದೆ. ಅವರನ್ನು ಬೈಯಬೇಡ ಅಕ್ಕಾ, ಅವರಿಗೆ ಅದು ಯಾರದೋ ಬಲೆ. ನನಗೆ ಗೊತ್ತಿತ್ತು.

ಅಪ್ಪ ಸಂಜೆ ಆರಕ್ಕೆ ಬಂದರು, ಅಷ್ಟು ಬಲೆಯನ್ನು ಒಬ್ಬರೇ ಎಳೆದು. ಹುಣ್ಣಿಮೆಗೆ ಯಾರೂ ಜೊತೆಗೆ ಹೋಗಿರಲಿಲ್ಲ. ಬಲೆ ಹೇಗೆ ಹರಿಯಿತು ಎಂದು ಕೇಳಿದವರಿಗೆ ಕಲ್ಲಿಗೆ ಸಿಕ್ಕಿತು ಎಂದರು. ಸೇಸಪ್ಪಣ್ಣನಿಗೆ ನಲವತ್ತು ವರ್ಷದ ಮೇಲೆ ಕಲ್ಲು ಎಲ್ಲಿದೆ ಎಂದು ಮರೆತುಹೋಯಿತು, ಹುಣ್ಣಿಮೆ ಯಾವತ್ತು ಎಂದೂ ಮರೆತುಹೋಯಿತು ಎಂದು ಧಕ್ಕೆಯಲ್ಲಿ ಈಗಲೂ ಅಪ್ಪನನ್ನು ನೋಡಿ ನಗುತ್ತಿದ್ದಾರೆ. ಮೀನು ಮಾರುವ ಬಾಗಿ ಅಕ್ಕ ನಿನ್ನೆ ಅಮ್ಮನ ಎದುರೇ, ಇವರಿಗೆ ಒಂದು ಕ್ಯಾಲೆಂಡರ್ ತೆಗೆದುಕೊಡು ಮಾರಾಯ್ತಿ ಎಂದರಂತೆ. ಅಪ್ಪನ ಮೂಗಿನ ತುದಿಯ ಸಿಟ್ಟು ನಿನಗೆ ಗೊತ್ತಲ್ಲ, ಆದರೂ ಯಾರಿಗೂ ಒಂದು ಮಾತು ಕೂಡ ತಿರುಗಿ ಹೇಳಲಿಲ್ಲ. ಮನೆಗೆ ಬಂದವರಿಗೆಲ್ಲ ಕಪ್ ತೋರಿಸುತ್ತಾರೆ. ಅದನ್ನು ತಂದ ದಿನವೇ ಟಿವಿಯ ಪಕ್ಕದಲ್ಲಿ ಮೋಕ್ಷಿತ್‌ನ ಫೋಟೋ ಸರಿಸಿ ಜಾಗ ಮಾಡಿದ್ದು ಅವರೇ. “ನನ್ನ ಮಗನದ್ದು” ಎನ್ನುತ್ತಾರೆ. ಒಂದೂವರೆ ವರ್ಷ ನಾನು ಕಾದದ್ದು ಆ ಮಾತಿಗೆ. ಈಗ ಅದನ್ನು ಕೇಳಿದರೆ ಎದ್ದು ಓಡಿಹೋಗೋಣ ಅನಿಸುತ್ತದೆ.

ಅವರು ಅಲ್ಲಿಗೆ ಯಾಕೆ ಬಂದಿದ್ದರು ಎಂದು ಸೋಮವಾರ ಗೊತ್ತಾಯಿತು. ಫೋನಿನ ಸದ್ದು ಸಣ್ಣದಾಗಿದೆ, ಅವನಿಗೆ ನೋಡಲಿಕ್ಕೆ ಹೇಳು, ಎಂದು ಅಮ್ಮನ ಕೈಯಲ್ಲಿ ಕೊಟ್ಟು ಕಳುಹಿಸಿದರು. ತೆರೆದರೆ ನಿನ್ನ ಮೆಸೇಜುಗಳು. ಐದು ದಿನವೂ ನಮ್ಮ ಚುಕ್ಕೆ ಎಲ್ಲಿದೆ ಎಂದು ಮ್ಯಾಪಿನ ಚಿತ್ರ, ದಿನಕ್ಕೆ ಮೂರರಂತೆ. ನಾಲ್ಕನೆಯ ತಾರೀಕಿನದ್ದರಲ್ಲಿ, ನಾಳೆ ಬೆಳಿಗ್ಗೆ ಉಳ್ಳಾಲದ ಎದುರು ಬರಬಹುದು ಅಪ್ಪಾ, ಎಂದು ಬರೆದಿದ್ದೀ. ಕೆಳಗೆ ನಿನ್ನ ದನಿ ಕೂಡ ಇತ್ತು, “ನೋಡ್ಲಿಕ್ಕೆ ಹೋದ್ರೂ ಹತ್ತಿರ ಹೋಗಬೇಡಿ, ಒಂದು ಹಗ್ಗ ಮುಟ್ಟಿದ್ರೂ ಅವನು ಔಟ್.” ನೀನು ತಮಾಷೆಗೆ ಹೇಳಿದ್ದೋ ಏನೋ. ಬರಿಗೈಯಲ್ಲಿ ಮಗನ ದೋಣಿ ನೋಡಲು ಹೊರಟರೆ ಊರು ನಗುತ್ತದಲ್ಲ, ಅದಕ್ಕೆ ಬಲೆ ಹೇರಿಕೊಂಡು ಹೋದರು. ಬಿಟ್ಟದ್ದೂ ಸುಮ್ಮನೆ ತೋರಿಕೆಗೆ. ಆ ಬಲೆಗೇ ನಾನು ಬಂದು ಬಿದ್ದೆ. ಮಗ ಮುಳುಗುವುದು, ಏಳುವುದು, ಉಸಿರಿಲ್ಲದೆ ಮೇಲೆ ಬರುವುದು, ಎಲ್ಲವನ್ನೂ ಅರ್ಧ ಮೈಲಿಯಿಂದ ನೋಡುತ್ತಾ ಆರು ಗಂಟೆ ಕೂತರು. ಬರಬೇಡಿ ಎಂದು ನೀನು ಹೇಳಿದ್ದೆ, ಬರಲಿಲ್ಲ.

ಶನಿವಾರ ಬೆಳಿಗ್ಗೆಯಿಂದ ಆ ಬಲೆಯ ರಿಪೇರಿ ನಡೆಯುತ್ತಿದೆ. ಜಗಲಿಯ ಈ ಕಂಬದಿಂದ ಆ ಕಂಬಕ್ಕೆ ಕಟ್ಟಿದ್ದೇವೆ, ಆ ತುದಿಗೆ ಅಪ್ಪ, ಈ ತುದಿಗೆ ನಾನು. ಕ್ಲಬ್ಬಿಗೆ ರಜೆ ಹಾಕಿದ್ದೇನೆ. ಮಂಗಳವಾರದಿಂದ, ನೂಲು ಕೊಡು, ಅಲ್ಲಿ ಬಿಗಿ ಮಾಡು, ಎಂದು ನೇರವಾಗಿಯೇ ಹೇಳುತ್ತಾರೆ. ಅಮ್ಮನಿಗೆ ಈಗ ನಡುವೆ ಕೆಲಸ ಇಲ್ಲ. ಚೂರಿ ಹಾಕಿದ ಕಡೆ ಬಂದಾಗ ಇಬ್ಬರ ಕೈಯೂ ನಿಲ್ಲುತ್ತದೆ. ಕಲ್ಲಿಗೆ ಸಿಕ್ಕಿದ ಬಲೆ ಜಜ್ಜಿ ಹರಿದಿರುತ್ತದೆ, ಇದು ನೇರ ಗೆರೆ, ಮೊಗವೀರರ ಮನೆಯ ಮಗುವಿಗೂ ಗೊತ್ತಾಗುತ್ತದೆ. ಅವರಿಗೆ ಗೊತ್ತು, ನನಗೆ ಗೊತ್ತು. ಅವರು ಬಾಯಿ ಬಿಟ್ಟರೆ ಹುಣ್ಣಿಮೆಗೆ ಅಲ್ಲಿ ಯಾಕೆ ಇದ್ದೆ ಎಂದು ಹೇಳಬೇಕು. ನಾನು ಬಾಯಿ ಬಿಟ್ಟರೆ ಕಪ್ ಹೋಗುತ್ತದೆ, ಅದನ್ನು ತೋರಿಸಿಕೊಂಡು ಓಡಾಡಿದವರು ಅವರು. ಐದು ದಿನ ದೋಣಿಯಲ್ಲಿ ಇದ್ದೆನಲ್ಲ, ಅಲ್ಲಿ ಇಷ್ಟು ಉಸಿರು ಕಟ್ಟಿರಲಿಲ್ಲ. ಜಗಲಿಗೆ ಮೂರು ಕಡೆ ಗಾಳಿ, ಎದುರಿಗೆ ನದಿ, ಆಚೆ ಕಡೆ ಇಡೀ ಮಂಗಳೂರು ಕಾಣುತ್ತದೆ. ಆದರೂ ಎದ್ದು ಹೋಗಲು ಆಗುವುದಿಲ್ಲ.

ನಾನು ಫಾರಂ ತಿದ್ದಲು ಬರೆದರೆ ಕ್ಲಬ್ಬಿನವರು ಯಾರ ಬಲೆ ಎಂದು ಕೇಳುತ್ತಾರೆ, ಮನೆಗೆ ಬರುತ್ತಾರೆ. ಕಲ್ಲು ಎಂದದ್ದು ಸುಳ್ಳು ಎಂದು ಇಡೀ ಬೆಂಗ್ರೆಗೆ ಗೊತ್ತಾಗುತ್ತದೆ. ಬರೆಯದಿದ್ದರೆ ನಾನು ಇನ್ನು ಯಾವ ದೋಣಿಯನ್ನೂ ಹತ್ತಲು ಯೋಗ್ಯನಲ್ಲ, ಅಪ್ಪನದ್ದಾಗಲಿ ಗೇವಿನ್‌ನದ್ದಾಗಲಿ. ಇದನ್ನು ಅಪ್ಪನ ಹತ್ತಿರ ಕೇಳಲು ನನಗೆ ಬಾಯಿ ಇಲ್ಲ. ಅದಕ್ಕೇ ಈ ಕಾಗದ. ನಾಳೆ ಇದನ್ನು ಓದಿದ ಮೇಲೆ, ಅಮ್ಮ ಧಕ್ಕೆಯಿಂದ ಬರುವ ಮೊದಲು, ನೀನು ಅಪ್ಪನಿಗೊಂದು ಫೋನ್ ಮಾಡು. ನಾನು ಹೇಳಬಹುದಾ ಬೇಡವಾ ಎಂದು ಅವರನ್ನೇ ಕೇಳು. ನಿನ್ನ ಮಾತನ್ನು ಅವರು ಎಂಥ ಹೊತ್ತಿನಲ್ಲೂ ಮೀರುವುದಿಲ್ಲ ಎಂದು ಈಗ ನನಗೆ ಚೆನ್ನಾಗಿ ಗೊತ್ತಾಗಿದೆ. ನೀನು ಚುಕ್ಕೆ ಕಳುಹಿಸಿದ್ದಕ್ಕೆ ನನಗೆ ಸಿಟ್ಟಿಲ್ಲ. ಸ್ವಲ್ಪ ಇತ್ತು, ಬರೆಯುತ್ತಾ ಇಳಿಯಿತು.

ಪೊಟ್ಟಣದಲ್ಲಿ ಒಣಸಿಗಡಿ ಚಟ್ನಿ ಭಾವನಿಗೆ, ಹಲಸಿನ ಹಪ್ಪಳ ನಿನಗೆ. ಮೋಕ್ಷಿತ್‌ಗೆ ಗೇವಿನ್ ಕೊಟ್ಟ ಟೋಪಿ ಇಟ್ಟಿದ್ದೇನೆ, ದೊಡ್ಡದಾದರೆ ಹಿಂದೆ ಪಿನ್ ಹಾಕು. ಸೊಂಟಕ್ಕೆ ಎಣ್ಣೆ ಹಚ್ಚಿಸಿಕೋ, ಆಮೇಲೆ ಮಾಡುತ್ತೇನೆ ಎನ್ನಬೇಡ. ಭಾವನಿಗೆ ನನ್ನ ನಮಸ್ಕಾರ, ಮಗುವಿಗೆ ಮುತ್ತು. ನೀವೆಲ್ಲರೂ ಸುಖವಾಗಿರಿ.

ನಿನ್ನ ತಮ್ಮ,
ಭುವನ್

ತಾ.ಕ.: ಭಾವನ ತಮ್ಮ ಬಂದು ಗಡಿಯಾರ ನೋಡುತ್ತಾ ಕೂತಿದ್ದಾನೆ, ಐದೂವರೆಯ ಫೆರಿ ಹಿಡಿಯಬೇಕಂತೆ, ಅಕ್ಷರ ನೋಡಬೇಡ. ಮೇಲೆ ಹೇಳಿದ ಫೋನು ಮಾಡುವುದು ಬೇಡ. ಕಾಗದ ಮಡಚಿ ಒಳಗಿಟ್ಟ ಮೇಲೆ ಕೂತಲ್ಲಿ ಕೂರಲಾಗಲಿಲ್ಲ, ಹಿತ್ತಿಲಿಗೆ ಹೋಗಿ ಗೇವಿನ್‌ಗೆ ಫೋನ್ ಮಾಡಿದೆ. ನಾಳೆ ನಾನು ಫಾರಂ ತಿದ್ದಲು ಬರೆಯುತ್ತೇನೆ, ನೀವು ಬೈದರೂ ಸರಿ ಎಂದೆ. ಅವನು, ಸ್ಕಿಪ್ಪರ್ ನಾನು, ನಾನೇ ಬರೆಯುತ್ತೇನೆ, ಯಾರ ಬಲೆ ಎಂದು ಹೇಳು ಎಂದ. ಆಮೇಲೆ ಹೇಳುತ್ತೇನೆ ಎಂದು ಇಟ್ಟೆ. ತಿರುಗಿದರೆ ಅಪ್ಪ ನೂಲಿನ ಉಂಡೆ ಹಿಡಿದು ಬಾಗಿಲಲ್ಲಿ ನಿಂತಿದ್ದರು, ಎಷ್ಟು ಕೇಳಿಸಿಕೊಂಡರೋ ಗೊತ್ತಿಲ್ಲ. ಒಳಗೆ ಹೋದರು. ಬರುವಾಗ ಕಪ್ಪನ್ನು ತಮ್ಮ ಹೆಗಲ ಮೇಲಿನ ಬೈರಾಸಿನಲ್ಲಿ ಸುತ್ತಿ ತಂದು ನನ್ನ ಕೈಗಿಟ್ಟರು. “ಇದನ್ನು ಕೊಡ್ಲಿಕ್ಕೆ ಹೋಗುವಾಗ ನಾನೂ ಬರ್ತೇನೆ. ಬಲೆ ನಂದಲ್ವಾ. ಹುಣ್ಣಿಮೆಗೆ ಅಲ್ಲಿ ಎಂತಕ್ಕೆ ಇದ್ದೆ ಅಂತ ಕೇಳಿದ್ರೆ ನಾನೇ ಹೇಳ್ತೇನೆ.”